58 ಗ್ರಾಂ

ಉಡುಪಿಯಲ್ಲಿ ಒಬ್ಬ ಮನುಷ್ಯ ಬೇಯಿಸಿದ್ದು ಯಾವುದನ್ನೂ ತಿನ್ನುವುದಿಲ್ಲ ಅಂದರೆ ಜನ ಮೊದಲು ಕೇಳುವುದು, "ಹೊಟ್ಟೆ ಸರಿ ಇಲ್ವಾ?" ಆಮೇಲೆ ಸ್ವರ ತಗ್ಗಿಸಿ, "ಮನೆಯಲ್ಲಿ ಎಂತಾದರೂ ಮಾತಾಯ್ತಾ?" ನನ್ನ ಮಗಳು ಒಬ್ಬಳೇ ನೇರ ವಿಷಯಕ್ಕೆ ಬಂದಳು. "ಅಪ್ಪ, ಪ್ರೊಟೀನಿಗೆ ಎಂತ ಮಾಡ್ತೀರಿ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಇದೆಲ್ಲ ಶುರುವಾದದ್ದು ಅಕ್ಕನ ಮಗನಿಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಜುಲೈ ಕೊನೆಗೆ ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದವನು ರಾ ವೀಗನ್ ಆಗಿ ಬಂದಿದ್ದ. ಹಾಲು, ಮೊಸರು, ತುಪ್ಪ, ಜೇನು ಇಲ್ಲ. ಒಲೆ ಮೇಲೆ ಇಟ್ಟದ್ದೂ ಇಲ್ಲ. 48 ಡಿಗ್ರಿಗಿಂತ ಜಾಸ್ತಿ ಬಿಸಿಯಾದರೆ ಆಹಾರದೊಳಗಿನ ಕಿಣ್ವಗಳು ಸತ್ತುಹೋಗುತ್ತವೆ ಎಂಬುದು ಈ ಪಂಥದವರ ನಂಬಿಕೆ. ಕೆಲವರು 42ಕ್ಕೇ ನಿಲ್ಲಿಸುತ್ತಾರಂತೆ. ನಮ್ಮ ಬಚ್ಚಲಿನ ಹಂಡೆಯ ನೀರು ಇದಕ್ಕಿಂತ ಬಿಸಿ. "ಹೊಟ್ಟೆಯ ಆಸಿಡ್‌ಗೆ ಬಿದ್ದ ಮೇಲೆ ಆ ಕಿಣ್ವಗಳು ಹೇಗೂ ಸಾಯ್ತಾವಲ್ಲ ಭಾವ?" ಎಂದು ಮಗಳು ಕೇಳಿದಳು. ಅವನು ಉತ್ತರ ಕೊಡದೆ ಸೌತೆಕಾಯಿ ಕಚ್ಚಿದ.

ಹೊರಗೆ ಆಟಿ ತಿಂಗಳ ಮಳೆ. ಒಳಗೆ ಅಮ್ಮ ಮಾಡಿದ ಬಿಸಿ ಪತ್ರೊಡೆ. ಹುಡುಗ ಅದರ ಕಡೆ ತಿರುಗಿಯೂ ನೋಡಲಿಲ್ಲ. ಎಂಟು ಕಿಲೋ ಇಳಿದಿದ್ದೇನೆ ಎಂದು ಅಂಗಿ ಎತ್ತಿ ತೋರಿಸಿದ. ನಾನು ಸುಮ್ನೆ ಇರಬೇಕಿತ್ತು. "ಇದರಲ್ಲಿ ಎಂತ ಉಂಟು, 21 ದಿನ ನಾನೂ ಇರ್ತೇನೆ" ಅಂದುಬಿಟ್ಟೆ. ಹಾಗೆ ಹೇಳುವಾಗ ಬಾಯಲ್ಲಿ ಪತ್ರೊಡೆ ಇತ್ತು.

ಮಗಳು ಕೂಡಲೇ ಲೆಕ್ಕಕ್ಕೆ ಕೂತಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರು 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ, 0.83 ಗ್ರಾಂ ಪ್ರೊಟೀನ್ ಬೇಕು. "ಅಪ್ಪನ ತೂಕ ಎಷ್ಟು?" ಎಪ್ಪತ್ತು ಅಂದೆ. 58 ಗ್ರಾಂ ಅಂತ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಳು. ನಿಜವಾದ ತೂಕ 76. ಒಂದು ಸುಳ್ಳಿನಿಂದ ದಿನಕ್ಕೆ ಐದು ಗ್ರಾಂ ಉಳಿಯಿತಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಬಿ12 ಗಿಡಗಳಿಂದ ಸಿಗುವುದಿಲ್ಲ, ಅದಕ್ಕೆ ಮಾತ್ರೆಯೇ ಗತಿ ಎಂದು ಅದರ ಕೆಳಗೆ ಇನ್ನೊಂದು ಸಾಲು ಬರೆದಳು. ಮಾತ್ರೆ ಬೇಯಿಸಿದ್ದಲ್ಲ, ಅಡ್ಡಿಯಿಲ್ಲ ಅಂದೆ.

ಮೊದಲ ದಿನ ಬೆಳಿಗ್ಗೆಯೇ ಅವಲಕ್ಕಿ ಕೈಬಿಟ್ಟಿತು. ಕಾಯಿತುರಿ, ಬೆಲ್ಲ ಕಲಸಿ ಹಾಗೇ ತಿನ್ನುವುದಲ್ವಾ, ಇದಕ್ಕಿಂತ ಹಸಿ ಯಾವುದುಂಟು ಎಂದು ದೊಡ್ಡ ಬಟ್ಟಲು ಹಿಡಿದು ಕೂತಿದ್ದೆ. ಹೆಂಡತಿ ದೋಸೆ ಹುಯ್ಯುತ್ತಾ, ತಿರುಗಿಯೂ ನೋಡದೆ ಹೇಳಿದಳು: "ಭತ್ತ ನೆನೆಸಿ, ಹುರಿದು, ಆಮೇಲೆ ಕುಟ್ಟುವುದು ಅದನ್ನು." ಬೆಲ್ಲ? "ಅದು ಕೊಪ್ಪರಿಗೆಯಲ್ಲಿ ಕುದ್ದದ್ದು." ಬಟ್ಟಲಿನಲ್ಲಿ ತೆಂಗಿನಕಾಯಿ ಒಂದೇ ಉಳಿಯಿತು.

ಅಮ್ಮನಿಗೆ ಅದರಲ್ಲೇ ಭರವಸೆ. "ತೆಂಗಿನಕಾಯಲ್ಲಿ ಇಲ್ಲದ ಶಕ್ತಿ ಮತ್ತೆ ಯಾವುದರಲ್ಲಿ ಉಂಟು ಮಾಣಿ?" ಶಕ್ತಿ ಏನೋ ಉಂಟು, ಕೊಬ್ಬಿನ ರೂಪದಲ್ಲಿ. ಪ್ರೊಟೀನ್ ಹುಡುಕಿದರೆ 100 ಗ್ರಾಂ ಕಾಯಿಗೆ ಸುಮಾರು 3 ಗ್ರಾಂ. 58 ಗ್ರಾಂ ಮುಟ್ಟಬೇಕಾದರೆ ದಿನಕ್ಕೆ ಐದಾರು ಕಾಯಿ ತುರಿಯಬೇಕು. ತುರಿಮಣೆಯ ಮೇಲೆ ಕೂರುವವಳು ಹೆಂಡತಿ. ಆ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಹೆಸರುಕಾಳು. ಒಣ ಕಾಳು 100 ಗ್ರಾಮಿನಲ್ಲಿ 24 ಗ್ರಾಂ ಪ್ರೊಟೀನ್! ಕಾಲು ಕಿಲೋ ಮೊಳಕೆ ತಿಂದರೆ ದಿನದ ಕೆಲಸ ಮುಗಿಯಿತು ಎಂದು ಬೀಗಿದೆ. ಮಗಳು ಆ ಗಾಳಿಯನ್ನೂ ತೆಗೆದಳು. ಕಾಳು ನೀರು ಕುಡಿದು, ಉದ್ದ ಬಾಲ ಬಿಟ್ಟ ಮೇಲೆ ತೂಗಿದರೆ ಅದೇ 100 ಗ್ರಾಮಿನಲ್ಲಿ 3 ಗ್ರಾಂ. ಪ್ರೊಟೀನ್ ಎಲ್ಲಿಗೂ ಓಡಿಹೋಗಿಲ್ಲ. ತಕ್ಕಡಿಯಲ್ಲಿ ಕೂತದ್ದು ಬರೀ ನೀರು. ಬಾಲ ಮೂಡುವಾಗಲೇ ತಿಂದರೆ ಇದಕ್ಕಿಂತ ವಾಸಿ. ಬಾಲ ಉದ್ದ ಬಿಟ್ಟ ಮೇಲಾದರೆ ಎರಡು ಕಿಲೋ ಹತ್ತಿರ ಮೊಳಕೆ ಬೇಕು.

ತಿನ್ನುವುದಿರಲಿ, ಮೊದಲು ಅದು ಮೊಳೆಯಬೇಕಲ್ಲ. ಘಟ್ಟದ ಮೇಲಿನವರು ಬಟ್ಟೆಯಲ್ಲಿ ಕಟ್ಟಿಟ್ಟರೆ ಬೆಳಿಗ್ಗೆಗೆ ಮಲ್ಲಿಗೆ ಮೊಗ್ಗಿನ ಹಾಗೆ ಮೊಳಕೆ ಬರುತ್ತದಂತೆ. ನಮ್ಮಲ್ಲಿ ಆಟಿಯಲ್ಲಿ ಒಗೆದ ಬನಿಯನ್ನೇ ನಾಲ್ಕು ದಿನ ಒಣಗುವುದಿಲ್ಲ. ಬೆಚ್ಚಗೆ ಇರಲಿ ಎಂದು ಕಾಳನ್ನು ಹಳೆಯ ಬೈರಾಸಿನಲ್ಲಿ ಕಟ್ಟಿ, ಬಚ್ಚಲಿನ ಹಂಡೆಯ ಹಿಂದಿನ ಮೊಳೆಗೆ ನೇತುಹಾಕಿದೆ. ಎರಡು ದಿನ ಆಫೀಸಿನ ಗಡಿಬಿಡಿಯಲ್ಲಿ ಮರೆತೂಬಿಟ್ಟೆ. ಮೂರನೇ ದಿನ ಸಂಜೆ ಮನೆಗೆ ಬಂದರೆ ಬಚ್ಚಲಿನ ಕಟ್ಟಿಗೆಯೆಲ್ಲ ಅಂಗಳದಲ್ಲಿ. ಇಲಿ ಸತ್ತು ನಾರುತ್ತಿದೆ ಎಂದು ಹೆಂಡತಿ ಮಧ್ಯಾಹ್ನದಿಂದ ಹುಡುಕುತ್ತಿದ್ದಳು. ಒಂದೊಂದೇ ಕೊಳ್ಳಿ ಎತ್ತಿ, ಮೂಲೆಮೂಲೆಗೆ ಫಿನಾಯಿಲ್ ಹಾಕಿ ಉಜ್ಜಿದ್ದಳು. ನಾನು ಮೆಲ್ಲ ಹಿಂದೆ ಹೋಗಿ ಬೈರಾಸಿನ ಗಂಟು ಬಿಚ್ಚಿದೆ. ಕಾಳು ಬಟ್ಟೆಗೆ ಅಂಟಿಕೊಂಡು, ಎತ್ತಿದರೆ ನೂಲು ನೂಲಾಗಿ ಲೋಳೆ ಇಳಿಯುತ್ತಿತ್ತು. ಹೆಂಡತಿ ಒಮ್ಮೆ ಬೈರಾಸು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಇಲಿಯೇ ವಾಸಿಯಿತ್ತು" ಅಂದಳು. ಮೊಳಕೆ ಬೆಳೆಯುವ ಆ ಬೆಚ್ಚನೆಯ ಒದ್ದೆಯಲ್ಲೇ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ, ಹಸಿಯಾಗಿ ತಿಂದರೆ ಆಸ್ಪತ್ರೆಯೇ ಎಂದು ಮಗಳು ಒಳಗಿನಿಂದ ಕೂಗಿ ಹೇಳಿದಳು.

ಹುರುಳಿಯದ್ದೂ ಹೆಚ್ಚುಕಡಿಮೆ ಇದೇ ಕಥೆ. ಮೊಳಕೆ ಚೆನ್ನಾಗಿಯೇ ಬಂತು. ಹಸಿ ಹುರುಳಿ ಜಗಿಯುತ್ತಿದ್ದ ನನ್ನನ್ನು ಅಮ್ಮ ಬಹಳ ಹೊತ್ತು ನೋಡಿದರು. "ಕಂಬಳದ ಕೋಣಕ್ಕೂ ಬೇಯಿಸಿ ಹಾಕ್ತಾರೆ ಮಾಣಿ" ಅಂದರು. ಅವರು ಹೇಳಿದ್ದು ಎಷ್ಟು ಸರಿ ಎಂದು ಮಧ್ಯಾಹ್ನ ಮೂರು ಗಂಟೆಗೆ ಗೊತ್ತಾಯಿತು. ಕಿಟಕಿ ಮುಚ್ಚಿ ಏಸಿ ಹಾಕಿದ ಸಣ್ಣ ರೂಮಿನಲ್ಲಿ ಆರು ಜನರ ಮೀಟಿಂಗ್. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಆ ದಿನದ ಮೀಟಿಂಗ್ ಹನ್ನೆರಡೇ ನಿಮಿಷಕ್ಕೆ ಮುಗಿಯಿತು, ಅಷ್ಟೇ.

ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿ, ಸಲಹೆಗಳು ಬರತೊಡಗಿದವು. ಆಫೀಸಿನ ಒಬ್ಬರು ರಾಜ್ಮಾ ನೆನೆಹಾಕಿ ತಿನ್ನಿ ಅಂದರು. ಅದೃಷ್ಟಕ್ಕೆ ಮಗಳಿಗೆ ಹೇಳಿದೆ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷ ಉಂಟಂತೆ, ನಾಲ್ಕೈದು ಕಾಳು ಹೊಟ್ಟೆಗೆ ಹೋದರೂ ವಾಂತಿ ಶುರುವಾಗಬಹುದು. ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುವುದು. ಸೋಯಾ ಹಸಿಯಾಗಿ ಜೀರ್ಣವಾಗದು. ತೋಫು ಮಾಡಬೇಕಾದರೆ ಸೋಯಾ ಹಾಲು ಕುದಿಸಲೇಬೇಕು. ಅಟ್ಟದ ಮೇಲೆ ಬುಟ್ಟಿ ತುಂಬ ಹಲಸಿನ ಬೀಜ ಇತ್ತು, ಅದೂ ಬೇಯದೆ ಬಗ್ಗುವ ಜಾತಿಯಲ್ಲ. ಒಟ್ಟಿನಲ್ಲಿ ನಮ್ಮ ಕಾಳುಬೇಳೆಗಳು ಬೆಂಕಿಯನ್ನು ನಂಬಿ ಹುಟ್ಟಿದವು ಎಂದು ನನಗೆ ಅನಿಸತೊಡಗಿತ್ತು. ಪ್ರೊಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ಒಂದಾದ ಲೈಸಿನ್ ಅಕ್ಕಿಯಲ್ಲಿ ಕಮ್ಮಿ, ಉದ್ದಿನಲ್ಲಿ ಅದು ಧಾರಾಳ. ಉದ್ದಿನಲ್ಲಿ ಕಮ್ಮಿ ಇರುವ ಮೆಥಿಯೋನಿನ್ ಎಂಬ ಇನ್ನೊಂದು ಅಕ್ಕಿಯಲ್ಲಿ ಉಂಟು. ಎರಡೂ ಸೇರಿದರೆ ಪ್ರೊಟೀನ್ ಪೂರ್ತಿ. ಇದನ್ನು ಮಗಳು ಓದಿ ಹೇಳುವಾಗ ಎದುರಿಗೆ ಇಡ್ಲಿಯ ಅಟ್ಟ ಹಬೆಯಾಡುತ್ತಿತ್ತು. ಇದಕ್ಕಿಂತ ಕ್ರೂರ ಪಾಠ ನಾನು ಕೇಳಿದ್ದಿಲ್ಲ.

ಗೇರುಬೀಜದಲ್ಲಾದರೂ ಗೆಲ್ಲುತ್ತೇನೆ ಅಂದುಕೊಂಡೆ. 100 ಗ್ರಾಮಿಗೆ 18 ಗ್ರಾಂ ಪ್ರೊಟೀನ್, ಅದೂ ನಮ್ಮದೇ ಗುಡ್ಡದ ಬೆಳೆ. ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು ಹೌದು, ಆದರೆ ಈಗ ಅದನ್ನು ಯಾರು ಹೊರಗಿನದು ಅಂತಾರೆ? ಅಂಗಡಿಯಿಂದ ಹುರಿಯದ ಬೀಜದ ಪೊಟ್ಟಣ ತಂದೆ. ಪಕ್ಕದ ಮನೆಯ ಅಕ್ಕ ಮಂಗಳೂರಿನ ಬೀಜದ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದವರು. ಪೊಟ್ಟಣ ನೋಡಿ ನಕ್ಕರು. "ಮೊದಲು ಹಬೆಯಲ್ಲಿ ಬೇಯಿಸುವುದು ಮಾರಾಯ್ರೆ, ಇಲ್ಲದಿದ್ದರೆ ಒಡೆಯುವವರ ಕೈ ಉಳಿಯುತ್ತದಾ? ಆಮೇಲೆ ಪುನಃ ಬಿಸಿಗೆ ಒಣಗಿಸಿ ಸಿಪ್ಪೆ ತೆಗೆಯುವುದು."

ಕೈ ಉಳಿಯುತ್ತದಾ ಎಂಬ ಮಾತನ್ನು ನಾನು ಗಮನ ಕೊಟ್ಟು ಕೇಳಬೇಕಿತ್ತು. ಅತ್ತೆಯ ಮನೆಯಿಂದ ಬೇಸಿಗೆಯಲ್ಲಿ ಬಂದ ಇಡೀ ಗೇರುಬೀಜ ಒಂದು ಗೋಣಿ ಮೂಲೆಯಲ್ಲಿತ್ತು. ಭಾನುವಾರ ಅಡಿಕೆ ಕತ್ತರಿ ಹಿಡಿದು ಜಗಲಿಯಲ್ಲಿ ಕೂತೆ. ಮೊದಲ ಬೀಜ ಜಾರಿ ತುಳಸಿಕಟ್ಟೆಗೆ ಹೋಯಿತು. ಎರಡನೆಯದು ಚಿಟ್ಟೆಂದು ಒಡೆದು, ಕಂದು ಬಣ್ಣದ ಎಣ್ಣೆ ಬೆರಳಿಗೆ ಸಿಡಿಯಿತು. ಒರಸಿಕೊಂಡೆ. ಒಂದು ಗಂಟೆಯ ಯುದ್ಧದಲ್ಲಿ ಸಿಕ್ಕಿದ್ದು ಏಳು ಬೀಜ. ಪ್ರೊಟೀನ್ ಲೆಕ್ಕದಲ್ಲಿ ಎರಡು ಗ್ರಾಮೂ ಇಲ್ಲ. ಅದೇ ಬೆರಳಿನಲ್ಲಿ ಬಾಯಿಗೆ ಹಾಕಿಕೊಂಡೆ ನೋಡಿ. ರಾತ್ರಿಗೆ ಉರಿ, ಬೆಳಿಗ್ಗೆಗೆ ಕೆಳತುಟಿ ಬೊಬ್ಬೆಯೆದ್ದು ಬನ್ಸಿನ ಹಾಗೆ ಉಬ್ಬಿತ್ತು. ಬೆರಳ ತುದಿಯ ಚರ್ಮ ಕಪ್ಪಾಗಿ ಸುಲಿಯತೊಡಗಿತು. ಸಣ್ಣವನಿದ್ದಾಗ ಗುಡ್ಡದಲ್ಲಿ ಇದೇ ಸೊನೆ ತಾಗಿಸಿಕೊಂಡು ಅಪ್ಪನಿಂದ ಪೆಟ್ಟು ತಿಂದದ್ದು ಆಗ ನೆನಪಾಯಿತು. ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ತುಟಿಗೆ ಎಂತಾಯ್ತು?"

"ಪ್ರೊಟೀನ್ ತಾಗಿತು" ಅಂದೆ.

ಕೊನೆಗೆ ನನ್ನ ಕೈಹಿಡಿದದ್ದು ನೆನೆಹಾಕಿದ ನೆಲಗಡಲೆ. 100 ಗ್ರಾಮಿಗೆ 25 ಗ್ರಾಂ, ಅಗ್ಗ, ತುಟಿ ಸುಡುವುದಿಲ್ಲ. ಜೊತೆಗೆ ಎಳ್ಳು. ಸಿಹಿಕುಂಬಳದ ಬೀಜದಲ್ಲಿ ಇನ್ನೂ ಜಾಸ್ತಿ, 30 ಗ್ರಾಂ. ಪೇಟೆಯಲ್ಲಿ ಸುಲಿದ ಬೀಜದ ಬೆಲೆ ಕೇಳಿ, ಮನೆಯಲ್ಲೇ ಸುಲಿಯುವ ಅಂತ ಕೂತೆ. ಎರಡು ಧಾರಾವಾಹಿ ಮುಗಿಯುವಷ್ಟರಲ್ಲಿ ಒಂದು ಚಮಚ ಆಯಿತು. ಮೊಮ್ಮಗಳ ಮದುವೆಗೆ ಚಿನ್ನ ಕೂಡಿಡುವ ಹಾಗೆ ಅದನ್ನು ಡಬ್ಬಿಯಲ್ಲಿಟ್ಟೆ. ಮೊದಲ ವಾರದ ನನ್ನ ಅವಸ್ಥೆ ನೋಡಿ ಅಮ್ಮ ಕೋಸಂಬರಿಗೆ ಬೇಳೆ ನೆನೆಹಾಕಲು ಶುರುಮಾಡಿದ್ದರು. ನೆನೆದ ಹೆಸರುಬೇಳೆ, ಸೌತೆ, ಕಾಯಿತುರಿ, ಲಿಂಬೆ. ಪೂರಾ ಹಸಿ! ಒಗ್ಗರಣೆ ಒಂದೇ ತಕರಾರು. "ಬಿಸಿಯಾದದ್ದು ಎಣ್ಣೆ ಮತ್ತು ಸಾಸಿವೆ. ಬೇಳೆ ಎಲ್ಲಿ ಬೆಂದಿತು?" ಎಂದು ಅಮ್ಮ ವಾದಿಸಿದರು. ಒಗ್ಗರಣೆ ಇಲ್ಲದ ಕೋಸಂಬರಿ ಅವರ ಕೈಯಿಂದ ಬರುವುದೇ ಇಲ್ಲ. ನಾನೂ ಜಾಸ್ತಿ ಜಗ್ಗಾಡಲಿಲ್ಲ.

ಹದಿನೇಳನೇ ದಿನ ದೊಡ್ಡಪ್ಪನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೋಗದಿದ್ದರೆ ಆಗದು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಪಕ್ಕದ ಮಗುವಿನ ಕೈಗೆ ಹಾಕಿದೆ. ಎಲೆಯ ಮುಂದೆ ಕೂತು ಸುತ್ತ ನೋಡಿದರೆ ಉಪ್ಪು ಬಿಟ್ಟು ನನಗೆ ಆಗುವಂಥದ್ದು ಕೋಸಂಬರಿ ಒಂದೇ. ಅದನ್ನು ಬಡಿಸುವ ಚಮಚ ಎಷ್ಟು ಸಣ್ಣದು ಎಂದು ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ. ಒಂದು ಚಮಚಕ್ಕೆ ಹೆಚ್ಚೆಂದರೆ ಎರಡು ಗ್ರಾಂ ಪ್ರೊಟೀನ್. ಎರಡನೇ ಸಲ ಕೇಳಿದೆ. ಮೂರನೇ ಸಲ ಕೇಳಿದೆ. ನಾಲ್ಕನೇ ಸಲ ಬಡಿಸುವ ಹುಡುಗ, "ಮಾವ, ಅನ್ನಕ್ಕೆ ಸಾರು ಬರ್ತಾ ಉಂಟು" ಎಂದು ಸಮಾಧಾನ ಹೇಳಿದ. ಐದನೇ ಸಲ ಎದುರು ಪಂಕ್ತಿಯವರು ಉಣ್ಣುವುದು ಬಿಟ್ಟು ನೋಡತೊಡಗಿದರು. ಹೆಂಡತಿ ಹೆಂಗಸರ ಸಾಲಿನಿಂದ ಕಣ್ಣಿನಲ್ಲೇ ಏನೋ ಹೇಳಿದಳು. ಆರನೇ ಸಲಕ್ಕೆ ಹುಡುಗ ಒಳಗೆ ಹೋದವನು ಅಡಿಗೆ ಭಟ್ಟರನ್ನೇ ಕರೆದುಕೊಂಡು ಬಂದ.

ಭಟ್ಟರು ಬೆವರು ಒರಸಿಕೊಳ್ಳುತ್ತಾ, ಪಾತ್ರೆ ಸಮೇತ ನನ್ನ ಎಲೆಯ ಮುಂದೆ ಬಗ್ಗಿದರು. "ಮೂವತ್ತು ವರ್ಷ ಆಯ್ತು ನನಗೆ ಈ ಕೆಲಸದಲ್ಲಿ. ಹೋಳಿಗೆ ಕೇಳಿದವರಿದ್ದಾರೆ, ಪಾಯಸ ಕೇಳಿದವರಿದ್ದಾರೆ. ಕೋಸಂಬರಿ ಆರು ಸಲ ಕೇಳಿದವರು ನೀವೇ ಮೊದಲು." ಅವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ಹೊಗೆಗೆ ಇರಬಹುದು. ಸೌಟಿನಲ್ಲೇ ತೋಡಿ ಎಲೆಯ ಅರ್ಧ ತುಂಬಿಸಿದರು. ಹದಿನೇಳು ದಿನದಲ್ಲಿ ಮೊದಲ ಸಲ 58 ಗ್ರಾಂ ಕಣ್ಣಿಗೆ ಕಾಣುವ ದೂರದಲ್ಲಿತ್ತು. ನಾನು ತುತ್ತಿನ ಮೇಲೆ ತುತ್ತು ಹಾಕಿ, ಅರ್ಧಕ್ಕರ್ಧ ಮುಗಿಸಿ, "ಬೇಳೆ ಎಷ್ಟು ಮೆತ್ತಗೆ ಉಂಟು ಭಟ್ರೇ" ಅಂದೆ.

ಭಟ್ಟರು ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದರು. "ನಿಮಗೆ ಆದ ಕಾರಣ ಹೇಳ್ತೇನೆ. ಬೇಳೆ ನೆನೆಹಾಕಲಿಕ್ಕೆ ಮರೆತೇ ಹೋಗಿತ್ತು. ಪೂಜೆ ಮುಗಿಯಲಿಕ್ಕೆ ಅರ್ಧ ಗಂಟೆ ಉಂಟು ಅನ್ನುವಾಗ ನೆನಪಾಯ್ತು. ಒಲೆ ಮೇಲಿಟ್ಟು ಒಂದು ಕುದಿ ಬರಿಸಿಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ ನೋಡಿ!"

ಹೋಳಿಗೆಯ ಹುಡುಗ ಆಗಲೇ ಎರಡು ಸಲ ನನ್ನನ್ನು ದಾಟಿ ಹೋಗಿದ್ದ. ಈಗ ಮೂರನೇ ಸಲ ಬರುತ್ತಿದ್ದ. ಎಲೆಗೆ ಅಡ್ಡ ಹಿಡಿದಿದ್ದ ಎಡಗೈಯನ್ನು ನಾನು ಮೆಲ್ಲ ತೆಗೆದೆ.

"ತುಪ್ಪ ಹಾಕ್ಲಾ ಮಾವ?"

"ಕೇಳುವುದೆಂತ ಮಾರಾಯ."