ಗುಲಾಬಿ ಪಾರ್ಕಿಗೂ ಅಕ್ಕಡಿ ಸಾಲು ಹಾಕಿ

ಚಿಕ್ಕಬಳ್ಳಾಪುರದಲ್ಲಿ ಗುಲಾಬಿಗೇನೂ ಬರವಿಲ್ಲ. ಬೆಳಗಿನ ಜಾವ ಹೂವಿನ ಮಾರ್ಕೆಟ್ಟಿಗೆ ಹೋದರೆ ಮೂಟೆಗಟ್ಟಲೆ ಕಾಣುತ್ತೆ. ಹೀಗಿರುವಾಗ ನಗರದ ಪಾರ್ಕಲ್ಲೂ ಅದೇ ಗುಲಾಬಿ ಸಾಲು ನೆಟ್ಟು, ನಡುವೆ ಪೇವರ್ ಹಾಸಿ, ಸೆಲ್ಫಿಗೊಂದು ಬೋರ್ಡ್ ನಿಲ್ಲಿಸಿದರೆ ಏನು ಬಂತು? ಗುಲಾಬಿ ಪಾರ್ಕ್ ಬೇಡ ಅಂತಲ್ಲ. ಮಾಡೋದಾದರೆ ಜೇನು, ದುಂಬಿ, ಚಿಟ್ಟೆಗಳ ಹೊಟ್ಟೆಗೂ ಏನಾದರೂ ಬೀಳೋ ಹಾಗೆ ಮಾಡಲಿ. ಅದಕ್ಕೆ ಹೊರಗಿನಿಂದ ಕನ್ಸಲ್ಟೆಂಟ್ ಬರಬೇಕಿಲ್ಲ, ರಾಗಿ ನಡುವೆ ಬೇರೆ ಬೆಳೆ ಬಿತ್ತೋ ನಮ್ಮ ಹೊಲದ ಅಕ್ಕಡಿ ಸಾಲೇ ಸಾಕು.

ಮೊದಲು ಗುಲಾಬಿಯ ವಿಷಯ. ಇದರಲ್ಲಿ ಮಕರಂದ ಇಲ್ಲವೇನೋ ಅನ್ನುವಷ್ಟು ಕಡಿಮೆ. ಹುಳುಗಳಿಗೆ ಸಿಗೋದು ಪರಾಗ, ಅದೂ ಕೇಸರ ಕೈಗೆ ಸಿಕ್ಕರೆ. ಕಾಡುಗುಲಾಬಿಗೆ ಐದೇ ಎಸಳು, ನಡುವೆ ಹಳದಿ ಕೇಸರದ ಗೊಂಚಲು. ಬೊಕೆಗೆ ಕಟ್ಟೋ ತಳಿಗಳಲ್ಲಿ ಆ ಕೇಸರಗಳಲ್ಲಿ ಬಹಳಷ್ಟು ಎಸಳಾಗಿಬಿಟ್ಟಿವೆ. ಮೂವತ್ತು, ನಲವತ್ತು ಎಸಳು ಮುಚ್ಚಿಕೊಂಡ ಹೂವಲ್ಲಿ ಜೇನುಹುಳ ಒಂದು ಸುತ್ತು ಹಾಕಿ ಬರಿಗೈಲಿ ವಾಪಸ್ ಹೋಗುತ್ತೆ. ನರ್ಸರಿಯಲ್ಲಿ ಗಿಡ ಆರಿಸುವಾಗ ಹೆಸರು ಕೇಳಬೇಡಿ, ಪೂರ್ತಿ ಅರಳಿದ ಹೂವನ್ನ ಮೇಲಿಂದ ನೋಡಿ. ಹಳದಿ ಕೇಸರ ಕಂಡರೆ ತಗೊಳ್ಳಿ. ಐಸ್‌ಬರ್ಗ್ ಥರದ ಗೊಂಚಲು ಗುಲಾಬಿ ಈ ಪರೀಕ್ಷೆಯಲ್ಲಿ ಪಾಸು. ನಮ್ಮ ದೇಶದ್ದೇ ಆದ ರೋಸಾ ಕ್ಲೈನೋಫಿಲ್ಲಾ ಅನ್ನೋ ಬಿಳಿ ಕಾಡುಗುಲಾಬಿ ಇದೆ, ಬಿಸಿಲ ನಾಡಿಗೆ ಒಗ್ಗುವಂಥದ್ದು. ಕೊಡೈಕೆನಾಲ್‌ನ ವೀರರಾಘವನ್ ಅವರು ಅದರಿಂದಲೇ ಹೊಸ ತಳಿಗಳನ್ನು ಮಾಡಿದ್ದಾರೆ. ಪಾರ್ಕಿನ ಅರ್ಧ ಗಿಡ ಇಂಥವಿದ್ದರೆ ಸಾಕು, ಉಳಿದರ್ಧ ಫೋಟೋ ತೆಗೆಸಿಕೊಳ್ಳುವವರಿಗೆ ಇರಲಿ.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಕಸಿ ಗಂಟು ಮಣ್ಣಿನಿಂದ ಮೇಲಿರಲಿ. ನೀರು ಡ್ರಿಪ್ಪಲ್ಲೇ. ಸ್ಪ್ರಿಂಕ್ಲರ್ ಹಾಕಿದರೆ ಎಲೆ ನೆನೆದು ಕಪ್ಪುಚುಕ್ಕೆ ರೋಗ ಬರುತ್ತೆ, ಬೆಳಗ್ಗೆ ಅರಳಿದ ಹೂವಿನ ಪರಾಗವೂ ತೊಳೆದುಹೋಗುತ್ತೆ.

ಎಡವಟ್ಟಾಗೋದು ಅಕ್ಟೋಬರ್ ಪ್ರೂನಿಂಗಲ್ಲಿ. ಇಡೀ ತೋಟವನ್ನ ಒಂದೇ ವಾರದಲ್ಲಿ ಬೋಳಿಸಿಬಿಡ್ತಾರೆ. ಮತ್ತೆ ಹೂವಾಗೋಕೆ ಆರೇಳು ವಾರ ಬೇಕು, ಅಲ್ಲೀವರೆಗೆ ಆ ಜಾಗದಲ್ಲಿ ಹುಳುವಿಗೆ ಉಪವಾಸ. ಅಕ್ಕಡಿ ಸಾಲು ಕೆಲಸಕ್ಕೆ ಬರೋದು ಇಲ್ಲೇ. ರಾಗಿ ಜೊತೆ ಅವರೆ, ಹುಚ್ಚೆಳ್ಳು, ಸಾಸಿವೆ ಹಾಕೋ ಹಾಗೆ ಗುಲಾಬಿ ಮಡಿಯ ಬದಿಗೆ ಎರಡು ಸಾಲು ಹುಚ್ಚೆಳ್ಳು ಬಿತ್ತಿ. ಆಗಸ್ಟ್ ಕೊನೇ ವಾರ ಬಿತ್ತಿದರೆ ಒಂದೂವರೆ ಎರಡು ತಿಂಗಳಿಗೆ ಹೂ, ಅಂದರೆ ಸರಿಯಾಗಿ ಗುಲಾಬಿ ಬೋಳಾಗಿರೋ ಹೊತ್ತಿಗೆ. ಬೀಜ ಸಣ್ಣದು, ಮರಳು ಬೆರೆಸಿ ಬಿತ್ತಿ. ಮೊಳೆತ ಮೇಲೆ ಗೇಣಿಗೊಂದು ಗಿಡ ಬಿಟ್ಟು ಮಿಕ್ಕಿದ್ದು ಕಿತ್ತುಹಾಕಿ. ಸಾಲು ಮಡಿಯ ಉತ್ತರಕ್ಕಿರಲಿ. ಆ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ದಕ್ಷಿಣದಲ್ಲಿ ಬಿತ್ತಿದರೆ ಮೂರ್ನಾಲ್ಕಡಿ ಬೆಳೆದ ಹುಚ್ಚೆಳ್ಳಿನ ನೆರಳು ಗುಲಾಬಿ ಚಿಗುರಿನ ಮೇಲೆ ಬೀಳುತ್ತೆ. ಪ್ರೂನಿಂಗನ್ನೂ ಎರಡು ಕಂತು ಮಾಡಿ, ಅರ್ಧ ತೋಟ ಮೊದಲು, ಇನ್ನರ್ಧ ಮೂರು ವಾರ ಬಿಟ್ಟು.

ಮಿಕ್ಕ ಕಾಲಕ್ಕೆ ಕಾಮಕಸ್ತೂರಿ, ತುಳಸಿ, ತುಂಬೆ. ತುಂಬೆಯನ್ನ ಕಳೆ ಅಂತ ಕೀಳೋ ಮಾಲಿಗೆ ಮೊದಲೇ ಹೇಳಿಡಬೇಕು. ಸಬ್ಬಸಿಗೆಯನ್ನ ಸೊಪ್ಪಿಗೆ ಕೀಳದೆ ಹೂವಿಗೆ ಬಿಡಿ. ಅದಕ್ಕೆ ಬರೋ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹೂನೊಣದ ಮರಿಹುಳುಗಳು ಗುಲಾಬಿ ಚಿಗುರಿನ ಸಸ್ಯಹೇನು ತಿಂತವೆ. ಮಾವಿನ ಹೂವಲ್ಲಿ ಪರಾಗಸ್ಪರ್ಶ ಮಾಡೋದರಲ್ಲೂ ನೊಣಗಳದ್ದೇ ದೊಡ್ಡ ಪಾಲು, ಮಾವು ಬೆಳೆಯೋ ಶ್ರೀನಿವಾಸಪುರದ ಕಡೆಯವರು ಇದನ್ನ ಗಮನಿಸಲಿ. ಕೋಲಾರ, ಚಿಂತಾಮಣಿಯ ಟೊಮೆಟೊ ಕಥೆ ಬೇರೆ. ಅದರ ಪರಾಗ ಚೆನ್ನಾಗಿ ಉದುರಬೇಕಾದರೆ ಹೂವನ್ನ ಗುಂಯ್‌ಗುಟ್ಟಿ ಅಲುಗಿಸಬೇಕು. ಪೆಟ್ಟಿಗೆ ಜೇನಿಗೆ ಆ ವಿದ್ಯೆ ಬರಲ್ಲ. ಕಪ್ಪು ದುಂಬಿಗೆ, ನೀಲಿ ಪಟ್ಟೆಯ ಜೇನಿಗೆ ಬರುತ್ತೆ.

ಈ ನೀಲಿ ಪಟ್ಟೆಯದು ಗೂಡು ಮಾಡೋದು ಮಣ್ಣಲ್ಲಿ. ಅದಕ್ಕೇ ಮಲ್ಚಿಂಗ್ ಶೀಟು, ಪೇವರ್ ಎಲ್ಲಾ ಕಡೆ ಬೇಡ ಅನ್ನೋದು. ಬಿಸಿಲು ಬೀಳೋ, ನೀರು ನಿಲ್ಲದ ಒಂದು ಮಣ್ಣಿನ ದಿಬ್ಬ ಹಾಗೇ ಬಿಡಿ. ಪ್ರೂನಿಂಗಲ್ಲಿ ಬಿದ್ದ, ರೋಗವಿಲ್ಲದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನ ಗೇಣುದ್ದ ಕತ್ತರಿಸಿ, ಇಪ್ಪತ್ತಿಪ್ಪತ್ತು ಕಟ್ಟಿ, ಮಳೆ ಬೀಳದ ಕಡೆ ಸೊಂಟದೆತ್ತರಕ್ಕೆ ಪೂರ್ವಕ್ಕೆ ಮುಖಮಾಡಿ ಇಡಿ. ಒಳಗಿನ ಮೆತ್ತನೆ ತಿರುಳು ಕೊರೆದು ಪುಟಾಣಿ ಜೇನುಗಳು ಮೊಟ್ಟೆಯಿಡ್ತವೆ. ಮರಿಗಳೆಲ್ಲ ಹೊರಬಿದ್ದ ಮೇಲೆ ಹಳೇ ಕಟ್ಟು ತೆಗೆದು ಹೊಸದಿಡಿ, ಇಲ್ಲದಿದ್ದರೆ ನುಸಿ ಸೇರಿಕೊಳ್ಳುತ್ತೆ. ಗಿಡದ ಮೇಲಿನ ಕೊಯ್ದ ತುದಿಗೆ ಮಾತ್ರ ಬೋರ್ಡೋ ಪೇಸ್ಟ್ (ಮೈಲುತುತ್ತು, ಸುಣ್ಣ ಕಲಸಿದ್ದು) ಬಳಿಯಲೇಬೇಕು, ಒಣಗು ರೋಗ ಇಳಿಯೋದು ಅಲ್ಲಿಂದಲೇ.

ಗುಲಾಬಿ ಎಲೆಯ ಅಂಚಲ್ಲಿ ನೀಟಾಗಿ ಕಾಲು ರೂಪಾಯಿ ನಾಣ್ಯದಂಥ ಅರ್ಧಚಂದ್ರ ಕತ್ತರಿಸಿದ್ದು ಕಂಡ ತಕ್ಷಣ ಔಷಧಿ ಹೊಡೆಯೋದು ಎಲ್ಲ ಪಾರ್ಕಲ್ಲೂ ನಡೆಯುತ್ತೆ. ಅದು ರೋಗವೂ ಅಲ್ಲ, ಕಂಬಳಿಹುಳ ತಿಂದಿದ್ದೂ ಅಲ್ಲ. ಕಂಬಳಿಹುಳ ತಿಂದರೆ ಅಂಚು ಒರಟಾಗಿ, ಕೆಳಗೆ ಹಿಕ್ಕೆ ಬಿದ್ದಿರುತ್ತೆ. ಇದು ಎಲೆ ಕತ್ತರಿಸೋ ಜೇನು. ತುಂಡನ್ನ ಸುರುಳಿ ಸುತ್ತಿ ಕಾಲಲ್ಲಿ ಹಿಡಿದು ಹಾರಿ, ಗೂಡಿಗೆ ಒಳಗೋಡೆ ಕಟ್ಟುತ್ತೆ. ಗಿಡಕ್ಕೆ ಅದರಿಂದ ನಷ್ಟವಿಲ್ಲ.

ಔಷಧಿ ವಿಚಾರ ಶಿಡ್ಲಘಟ್ಟದ ರೇಷ್ಮೆಯವರಿಗೆ ಹೇಳಿಕೊಡಬೇಕಿಲ್ಲ. ಪಕ್ಕದ ಹೊಲದ ಸ್ಪ್ರೇ ಹಿಪ್ಪುನೇರಳೆ ಸೊಪ್ಪಿಗೆ ಸೋಕಿದರೆ ಹುಳು ಏನಾಗುತ್ತೆ ಅಂತ ಅವರಿಗೆ ಗೊತ್ತು. ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕವನ್ನ ಬೇರಿಗೆ ಸುರಿದರೆ ಅದು ಗಿಡದೊಳಗೆ ಏರಿ ಪರಾಗಕ್ಕೂ ಬರುತ್ತೆ. ಯುರೋಪಿಯನ್ ಒಕ್ಕೂಟದಲ್ಲಿ ಇದನ್ನು ಬಯಲಲ್ಲಿ ಬಳಸಬಾರದು ಅಂತ 2018ರಲ್ಲೇ ತೀರ್ಮಾನ ಮಾಡಿದರು. ಸಸ್ಯಹೇನಿಗೆ ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಅರ್ಧ ಕೆಲಸ ಮುಗೀತು. ಉಳಿದದ್ದಕ್ಕೆ ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪು, ಸಂಜೆ ಸೂರ್ಯ ಮುಳುಗಿದ ಮೇಲೆ, ಅರಳಿದ ಹೂವಿಗೆ ತಾಗದ ಹಾಗೆ. ಬೂದಿ ರೋಗಕ್ಕೆ ನೀರಲ್ಲಿ ಕರಗೋ ಗಂಧಕ ಲೀಟರಿಗೆ 2 ಗ್ರಾಂ. ಬೇಸಿಗೆಯ ಸುಡು ಬಿಸಿಲಲ್ಲಿ ಹೊಡೆದರೆ ಎಲೆ ಸುಟ್ಟುಹೋಗುತ್ತೆ.

ಜೇನು, ದುಂಬಿಗಳು ನೀರು ಕುಡಿಯೋಕೆ ಮಣ್ಣಿನ ತಟ್ಟೆ, ಒಳಗೆ ಬೆಣಚುಕಲ್ಲು, ಒಂದಿಂಚು ನೀರು. ವಾರಕ್ಕೆರಡು ಸಲ ಚೆಲ್ಲಿ ತುಂಬಬೇಕು, ಇಲ್ಲಾಂದ್ರೆ ಸೊಳ್ಳೆ ಮರಿ ಹಾಕುತ್ತೆ.

ಇದೆಲ್ಲ ನಿಲ್ಲೋದು ಬೀಳೋದು ನಿರ್ವಹಣೆ ಟೆಂಡರಿನಲ್ಲಿ. 'ಕಳೆ ತೆಗೆಯುವುದು, ಔಷಧಿ ಸಿಂಪಡಿಸುವುದು' ಅಂತಷ್ಟೇ ಬರೆದರೆ ಗುತ್ತಿಗೆದಾರ ತುಂಬೆಯನ್ನೂ ಕೀಳ್ತಾನೆ, ಹದಿನೈದು ದಿನಕ್ಕೊಮ್ಮೆ ರೋಗ ಇರಲಿ ಬಿಡಲಿ ಸ್ಪ್ರೇನೂ ಹೊಡೀತಾನೆ. ಯಾವ ಗಿಡ ಕೀಳಬಾರದು, ಯಾವ ಔಷಧಿ ಬಳಸಬಾರದು, ಪ್ರೂನಿಂಗ್ ಎಷ್ಟು ಕಂತು, ಹುಚ್ಚೆಳ್ಳು ಯಾವಾಗ ಬಿತ್ತಬೇಕು ಅನ್ನೋದು ಟೆಂಡರ್ ಪತ್ರದಲ್ಲೇ ಇರಬೇಕು, ಬಿಲ್ ಪಾಸ್ ಮಾಡೋ ಮೊದಲು ತೋಟಗಾರಿಕೆ ಇಲಾಖೆಯವರು ಬಂದು ನೋಡಬೇಕು.