ಶಾಲೆಯವರು ‘ಇಲ್ಲ’ ಅನ್ನುವುದೇ ಇಲ್ಲ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಮಗುವಿಗಾಗಿ ಏನಾದರೂ ಕೇಳಲು ಶಾಲೆಗೆ ಅಲೆದ ಅಪ್ಪ-ಅಮ್ಮಂದಿರಿಗೆ ಇದು ಗೊತ್ತಿರುತ್ತದೆ. ಯಾರೂ ಆಗಲ್ಲ ಅನ್ನುವುದಿಲ್ಲ. ಕುರ್ಚಿ ಕೊಡುತ್ತಾರೆ, ಚಹಾ ತರಿಸುತ್ತಾರೆ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಕೊನೆಗೆ, “ನೋಡೂಣ್ರಿ ಮೇಡಂ, ಮುಂದಿನ ವಾರ ಬರ್ರಿ.” ಆಗಲ್ಲ ಅಂತ ಬರೆದುಕೊಟ್ಟಿದ್ದರೆ ಆ ಹಾಳೆ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಹತ್ತಿರ ಹೋಗಬಹುದು, ಅವರ ಮೇಲಿನ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಹತ್ತಿರ ಹೋಗಬಹುದು. ‘ಮುಂದಿನ ವಾರ’ದ ಮೇಲೆ ಯಾರಿಗೆ ಅಪೀಲು ಹಾಕೋದು? ಹಾಗಾಗಿ ನಾವು ಮೊದಲು ಹಟ ಹಿಡಿಯಬೇಕಾದದ್ದು ಒಂದು ಉತ್ತರಕ್ಕೆ. ಕೊಡ್ತೀವಿ ಅಂತಲಾದರೂ ಸರಿ, ಕೊಡಲ್ಲ ಅಂತಲಾದರೂ ಸರಿ. ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಡಲಿ.

ನನ್ನ ಮಗಳು ಒಂಬತ್ತನೇ ತರಗತಿ. ಅವಳಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಬುದ್ಧಿ ಚುರುಕಿದ್ದರೂ ಓದು-ಬರಹ ಕಷ್ಟವಾಗುವ ತೊಂದರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಬಗ್ಗೆ ಬಾಯಲ್ಲಿ ಕೇಳಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ ಅದು ಅನ್ನುವುದರಿಂದ ಶುರು ಮಾಡಿ ನಿಲ್ಲದೆ ಹೇಳುತ್ತಾಳೆ. ಅದನ್ನೇ ಬರೆ ಅಂದರೆ ಒತ್ತಕ್ಷರ ಜಾರುತ್ತವೆ, ಗುಣಿತ ತಪ್ಪುತ್ತದೆ, ಅರ್ಧ ಪತ್ರಿಕೆಗೇ ಗಂಟೆ ಹೊಡೆಯುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿಸಿ ವರದಿ ತಂದೆವು. ಶಾಲೆಗೆ ನಾವು ಕೇಳಿದ್ದು ಮೂರು: ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬೇಕಾದಾಗ ಲಿಪಿಕಾರರು (ಅವಳು ಹೇಳಿದ್ದನ್ನು ಬರೆದುಕೊಡುವವರು), ಮೂರನೇ ಭಾಷೆಯಿಂದ ವಿನಾಯಿತಿ.

ಇದು ಶಾಲೆ ಮಾಡುವ ಉಪಕಾರ ಏನಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಅದರಲ್ಲಿ ಒಂದು. ಅದರ 17ನೇ ಕಲಂ ಓದಿದರೆ ಈ ಮೂರೂ ಅಲ್ಲೇ ಇವೆ. ಖಾಸಗಿ ಶಾಲೆಗೆ ಇದೆಲ್ಲ ಬರಲ್ಲ ಅಂತ ಕೆಲವರು ಹೇಳುತ್ತಾರೆ. 16ನೇ ಕಲಂ ಸರ್ಕಾರದ ಅನುದಾನ ಇರುವ ಶಾಲೆಯ ಜೊತೆ ಸರ್ಕಾರದ ಮಾನ್ಯತೆ ಪಡೆದ ಶಾಲೆಯನ್ನೂ ಸೇರಿಸಿಯೇ ಮಾತಾಡುತ್ತದೆ. ಆದರೂ ನಮಗೆ ಬಂದ ಮೊದಲ ಮಾತು, “ಅಂಗವೈಕಲ್ಯ 40 ಪರ್ಸೆಂಟ್ ಐತೇನ್ರಿ? ಇಲ್ಲಂದ್ರ ಕೊಡಾಕ ಬರಂಗಿಲ್ರಿ.” 17ನೇ ಕಲಮಿನಲ್ಲಿ 40 ಅನ್ನುವ ಅಂಕಿಯೇ ಇಲ್ಲ. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇದ್ದ ವಿಕಾಶ್ ಕುಮಾರ್ ಅವರಿಗೆ ಯುಪಿಎಸ್‌ಸಿ ಇದೇ ಕಾರಣ ಹೇಳಿ ಲಿಪಿಕಾರರನ್ನು ನಿರಾಕರಿಸಿತ್ತು. 40 ಪರ್ಸೆಂಟ್ ಇದ್ದವರಿಗೆ ಮಾತ್ರ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ತಳ್ಳಿಹಾಕಿತು.

ಇಷ್ಟೆಲ್ಲ ಇದ್ದರೂ ಕಾಲ ತಳ್ಳುವುದು ಬಹಳ ಸುಲಭ. ಶಾಲೆಯ ವರ್ಷವೇ ಅದಕ್ಕೆ ಅನುಕೂಲ ಮಾಡಿಕೊಡುತ್ತದೆ. ಜೂನ್‌ನಲ್ಲಿ ಕೇಳಿದರೆ ಅಡ್ಮಿಷನ್ ಗದ್ದಲ. ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ದಿನದ ತಯಾರಿ, ಅದರ ಬೆನ್ನಿಗೇ ಗಣಪತಿ. ಹುಬ್ಬಳ್ಳಿ ಗಣಪತಿ ಅಂದಮೇಲೆ ಹನ್ನೊಂದನೇ ದಿನದ ಮೆರವಣಿಗೆ ಮುಗಿಯುವವರೆಗೆ ಬೇರೆ ಮಾತೇ ಇಲ್ಲ. ಆಮೇಲೆ ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆ, ದೀಪಾವಳಿ. ಡಿಸೆಂಬರ್‌ನಲ್ಲಿ ಗ್ಯಾದರಿಂಗ್. ಜನವರಿಯಲ್ಲಿ, “ಪರೀಕ್ಷಾ ಹತ್ರ ಬಂತಲ್ರಿ, ಈ ವರ್ಷ ಇರ್ಲಿ ಬಿಡ್ರಿ, ಮುಂದಿನ ವರ್ಷ ಮೊದಲಿಗೇ ಮಾಡೂಣು.” ಮುಂದಿನ ವರ್ಷ ಕ್ಲಾಸ್ ಟೀಚರ್ ಬೇರೆಯವರು, ಕೆಲವೊಮ್ಮೆ ಹೆಡ್‌ಸರ್ ಕೂಡ ಬೇರೆ. ಮತ್ತೆ ಮೊದಲಿಂದ ಹೇಳಬೇಕು. ಶಾಲೆಗೆ ಈ ವರ್ಷ ಹೋದರೆ ಇನ್ನೊಂದು ವರ್ಷ ಬರುತ್ತದೆ. ನನ್ನ ಮಗಳಿಗೆ ಏಳನೇ ತರಗತಿ ಮುಗಿದೇ ಹೋಯಿತು, ಎಂಟನೆಯದೂ ಹೋಯಿತು.

ಇನ್ನೊಂದು ರೀತಿ ಕಾಗದದ್ದು. ಇವತ್ತು ವರದಿ ಕೇಳುತ್ತಾರೆ. ತಂದು ಕೊಟ್ಟರೆ ಆಧಾರ್ ಜೆರಾಕ್ಸ್. ಅದಾದಮೇಲೆ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ). ಅಷ್ಟೊತ್ತಿಗೆ ಮೊದಲು ಕೊಟ್ಟ ವರದಿಯೇ ಹಳೆಯದು. ಇದಕ್ಕೆ ಮದ್ದು ಒಂದೇ: ಏನೇನು ಬೇಕೋ ಎಲ್ಲವನ್ನೂ ಒಂದೇ ಸಲ ಬರೆದುಕೊಡಿ ಅಂತ ಅರ್ಜಿ ಹಾಕುವುದು. ಪಟ್ಟಿ ಕೊಟ್ಟಮೇಲೆ ಹೊಸದನ್ನು ಸೇರಿಸಲು ಅವರಿಗೇ ಮುಜುಗರ ಆಗುತ್ತದೆ. ಪಟ್ಟಿ ಕೊಡದಿದ್ದರೆ, ಕೇಳಿದರೂ ಕೊಡಲಿಲ್ಲ ಅನ್ನುವುದಕ್ಕೆ ನಮ್ಮ ಕೈಯಲ್ಲಿ ದಾಖಲೆ ಇರುತ್ತದೆ.

ಬಾಯಿಮಾತಿಗೂ ಹೀಗೇ. ಶಾಲೆಯಲ್ಲಿ ಮಾತಾಡಿ ಬಂದ ದಿನವೇ ಸಂಜೆ ಒಂದು ಪತ್ರ ಬರೆಯಿರಿ. “ಇಂದು ನಾನು ಹೀಗೆ ಕೇಳಿದೆ, ತಾವು ಹೀಗೆ ಹೇಳಿದಿರಿ. ಇದರಲ್ಲಿ ತಪ್ಪಿದ್ದರೆ ಇಂಥ ದಿನದೊಳಗೆ ತಿಳಿಸಿ.” ಇಷ್ಟು ಸಾಕು. ಬೈಗುಳ ಬೇಡ, ಕಾಯ್ದೆಯ ಉದ್ದನೆಯ ಪಾಠವೂ ಬೇಡ. ಈಮೇಲ್ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟ್ ಮಾಡಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. “ಇಟ್ಟು ಹೋಗ್ರಿ, ಹೆಡ್‌ಸರ್ ಮೀಟಿಂಗಿಗೆ ಹೋಗ್ಯಾರ” ಅಂದರೆ ಸೀಲು ಬೀಳುವವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿರಿ. ನಮ್ಮ ಪತ್ರಗಳು ಫೈಲಾಗಿ ನಿಂತಮೇಲೆಯೇ ಶಾಲೆಯವರ ಮಾತಿನ ಧಾಟಿ ಬದಲಾದದ್ದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅನುಮತಿ ಬೇಕಾದ ವಿಷಯ ಯಾವುದು, ಬೇಡದ್ದು ಯಾವುದು ಅಂತಲೂ ಬಿಡಿಸಿ ಕೇಳಬೇಕು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವಿನಾಯಿತಿಗೆ ಮಂಡಳಿಯ ಒಪ್ಪಿಗೆ ಬೇಕು, ಅದು ಶಾಲೆಯ ಮೂಲಕವೇ ಹೋಗಬೇಕು, ಒಪ್ಪುತ್ತೇನೆ. ಆದರೆ ಯುನಿಟ್ ಟೆಸ್ಟ್‌ನಲ್ಲಿ ಪ್ರಶ್ನೆಯನ್ನು ಒಮ್ಮೆ ಓದಿ ಹೇಳಲು ಯಾವ ಮಂಡಳಿ ಬೇಕು? ಮುಂದಿನ ಬೆಂಚಿನಲ್ಲಿ ಕೂರಿಸಲು? ಎಲ್ಲರೆದುರು ಗಟ್ಟಿಯಾಗಿ ಓದು ಅಂತ ನಿಲ್ಲಿಸದೆ ಇರಲು? ಇವು ನಾಳೆ ಬೆಳಿಗ್ಗೆಯೇ ಆಗುವ ಕೆಲಸಗಳು. ದೊಡ್ಡದಕ್ಕೆ ಕಾಯುತ್ತ ಇವನ್ನೂ ನಿಲ್ಲಿಸಿ ಇಡುವುದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದೆ. ಅವಳ ಕ್ಲಾಸ್ ಟೀಚರ್ ಒಳ್ಳೆಯವರು. ತಾವಾಗಿಯೇ ಪ್ರಶ್ನೆ ಓದಿ ಹೇಳಲು ಶುರು ಮಾಡಿದ್ದರು. ಮೇಲಿನವರು ಬೇಡ ಅಂದಮೇಲೆ ನಿಲ್ಲಿಸಿದರು. ಟೀಚರುಗಳ ಮೇಲೆ ನನಗೆ ಸಿಟ್ಟಿಲ್ಲ. ಗಣತಿ, ಚುನಾವಣೆ, ಆನ್‌ಲೈನ್ ಎಂಟ್ರಿ ಅಂತ ಎಷ್ಟೋ ಶಿಕ್ಷಕರ ತಲೆ ಮೇಲೆ ಸಾವಿರ ಕೆಲಸ ಇರುತ್ತವೆ. ನಿರ್ಧಾರ ಮಾಡುವ ಕುರ್ಚಿಯಲ್ಲಿ ಕೂತು ನಿರ್ಧಾರ ಮಾಡದವರ ಮೇಲೆ ಸಿಟ್ಟು.

ನಮ್ಮ ಅತ್ತೆ ಕೇಳಿದರು, “ಸಾಲಿಯವರ ಕೂಡ ಯಾಕ ಎದುರು ಹಾಕ್ಕೋತೀ? ನಾಳೆ ಹುಡುಗಿ ಮ್ಯಾಲೆ ಸೇಡು ತೀರಿಸಿಕೊಂಡ್ರ?” ಈ ಭಯ ಸುಳ್ಳಲ್ಲ. ಎಷ್ಟೋ ತಂದೆ-ತಾಯಿ ಬಾಯಿ ಮುಚ್ಚಿಕೊಳ್ಳುವುದು ಇದಕ್ಕೇ, ಅಲ್ವಾ? ಆದರೆ ಏನೂ ಬರೆಯದೆ ಸುಮ್ನೆ ಅಲೆಯುವವರ ಮಗುವಿಗೇ ರಕ್ಷಣೆ ಕಡಿಮೆ ಅನ್ನುವುದು ನನ್ನ ಅನುಭವ. ಕಾಗದ ಇದ್ದಾಗ ಮಗುವನ್ನು ಮುಟ್ಟುವ ಮುಂಚೆ ಯೋಚನೆ ಮಾಡುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಮಕ್ಕಳು ಚಿಕ್ಕವರಿದ್ದರೆ, ಅಂದರೆ 6ರಿಂದ 14 ವರ್ಷದವರಾದರೆ, ಅದೇ ಕಾಯ್ದೆಯ 32ನೇ ಕಲಂ ನೋಡಿ. ಸ್ಥಳೀಯ ಪ್ರಾಧಿಕಾರಕ್ಕೆ ಬರೆದ ದೂರು ಮೂರು ತಿಂಗಳೊಳಗೆ ಇತ್ಯರ್ಥ ಆಗಬೇಕು. ಶಾಲೆ ಬಿಡಿಸುತ್ತೀರಾದರೆ 5ನೇ ಕಲಂ ಇದೆ. ಟಿಸಿ ಕೂಡಲೇ ಕೊಡಬೇಕು. ಟಿಸಿ ತಡವಾಯಿತು ಅಂತ ಹೊಸ ಶಾಲೆ ಪ್ರವೇಶ ನಿರಾಕರಿಸುವ ಹಾಗಿಲ್ಲ. ಶಾಲೆ ನಿಮ್ಮ ಅರ್ಜಿಯನ್ನು ಬಿಇಒಗೆ ಕಳಿಸಿದ್ದೇವೆ ಅಂತ ಹೇಳಿದರೆ ಅದನ್ನೇ ಮಾಹಿತಿ ಹಕ್ಕಿನಲ್ಲಿ ಬಿಇಒ ಕಚೇರಿಗೆ ಕೇಳಿ: ಅರ್ಜಿ ಯಾವ ತಾರೀಖು ಬಂತು, ಈಗ ಯಾರ ಟೇಬಲ್ ಮೇಲಿದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಎಷ್ಟೋ ಸಲ ಕಳಿಸಿಯೇ ಇಲ್ಲ ಅನ್ನುವುದು ಆಗ ಗೊತ್ತಾಗುತ್ತದೆ. ನಮಗೂ ಹಾಗೇ ಗೊತ್ತಾದದ್ದು.

ಈಗ ಹೆಚ್ಚಿನ ಸಮಯಕ್ಕೆ ಶಾಲೆ ಬರೆದು ಒಪ್ಪಿಕೊಂಡಿದೆ. ಲಿಪಿಕಾರರ ಕೋರಿಕೆಯನ್ನು ಹತ್ತನೇ ತರಗತಿಯ ನೋಂದಣಿ ಜೊತೆಗೇ ಮಂಡಳಿಗೆ ಕಳಿಸುತ್ತೇವೆ ಅಂತಲೂ ಕಾಗದ ಕೊಟ್ಟಿದ್ದಾರೆ. ಮೂರನೇ ಭಾಷೆ ವಿಷಯಕ್ಕೆ ಇನ್ನೂ ‘ನೋಡೂಣ್ರಿ’ ನಡೆದಿದೆ. ಅದಕ್ಕೆ ತಿಂಗಳ ಕೊನೆಯ ಗಡುವು ಕೊಟ್ಟು ಬಂದಿದ್ದೇನೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ಕಳಿಸಲು ದೂರು ಬರೆದು ಇಟ್ಟಿದ್ದೇನೆ. ಯಾರಿಗಾದರೂ ಅರ್ಜಿಯ ನಮೂನೆ ಬೇಕಾದರೆ ಇನ್‌ಬಾಕ್ಸ್‌ಗೆ ಬನ್ನಿ, ನಿಮ್ಮ ಮಗುವಿನ ವಿವರ ಹಾಕಿ ಒಟ್ಟಿಗೆ ಕೂತು ಬರೆಯೋಣ. ಒಂಬತ್ತನೇ ತರಗತಿಯಲ್ಲಿ ಮಕ್ಕಳಿರುವವರು ದಯವಿಟ್ಟು ಮುಂದಿನ ಜೂನ್‌ವರೆಗೆ ಕಾಯಬೇಡಿ.