ಸ್ಲೇಟು ಕಾಣ್ತಿದೆಯಾ, ಮಿಸ್?

ಇಪ್ಪತ್ತನಾಲ್ಕು ಮಕ್ಕಳ ಒಂದನೇ ಕ್ಲಾಸಿನಲ್ಲಿ ಹಾಜರಿ ಕರೆಯುವುದಕ್ಕೆ ಎಷ್ಟು ಹೊತ್ತು ಬೇಕು? ಹೆಚ್ಚೆಂದರೆ ಒಂದೂವರೆ ನಿಮಿಷ. ಅದೂ ನಡುವೆ ಒಮ್ಮೆ ತಲೆಯೆತ್ತಿ 'ಯಾರದು ಗಲಾಟೆ?' ಎಂದು ಗದರಿಸುವುದನ್ನೂ ಸೇರಿಸಿ. ಈಗ ಅದೇ ಮಕ್ಕಳನ್ನು ಅವರವರ ಮನೆಯಲ್ಲಿ ಮೊಬೈಲಿನ ಮುಂದೆ ಕೂರಿಸಿ ಹೆಸರು ಕರೆಯಿರಿ. ಹೆಸರು ಮಗುವಿಗೆ ಕೇಳಿಸಬೇಕು, ಮಗು ಅಮ್ಮನ ಮುಖ ನೋಡಬೇಕು, ಅಮ್ಮ ಮೈಕಿನ ಚಿತ್ರ ಎಲ್ಲಿದೆಯೆಂದು ಹುಡುಕಬೇಕು. ಬೆರಳು ಹತ್ತಿರ ಹೋಗುವಷ್ಟರಲ್ಲಿ ಆ ಗುಂಡಿಗಳ ಸಾಲೇ ಮಾಯವಾಗಿರುತ್ತದೆ. ಮತ್ತೆ ಪರದೆ ಮುಟ್ಟಿ ಅದನ್ನು ಕರೆಸಿ, ಒತ್ತಿದ ಮೇಲೆ 'ಎಸ್ ಮಿಸ್'. ತಲೆಗೆ ಇಪ್ಪತ್ತೈದು ಸೆಕೆಂಡು ಹಿಡಿದರೂ ಒಟ್ಟು 600 ಸೆಕೆಂಡು, ಅಂದರೆ ಹತ್ತು ನಿಮಿಷ. ಜೂಮ್ ಎಂಬ ವಿಡಿಯೊ ಆಪ್‌ನ ಪುಕ್ಕಟೆ ಮೀಟಿಂಗಿನ ಆಯುಷ್ಯ 40 ನಿಮಿಷ. ಉಳಿದ ಮೂವತ್ತು ನಿಮಿಷವಾದರೂ ಪಾಠ ನಡೆದೀತು ಅಂದುಕೊಂಡರೆ, ನೀವು ಒಂದನೇ ಕ್ಲಾಸಿಗೆ ಆನ್‌ಲೈನ್ ಪಾಠ ಮಾಡಿದವರಲ್ಲ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ ಮನೆ ಸೇರಿದ ವಿದ್ಯಾರ್ಥಿಗಳು, ವಿಶ್ವಸಂಸ್ಥೆಯ ಯುನೆಸ್ಕೊ ಲೆಕ್ಕದ ಪ್ರಕಾರ, ಜಗತ್ತಿನಾದ್ಯಂತ ಸುಮಾರು 160 ಕೋಟಿ. ದೊಡ್ಡ ಶಾಲೆಗಳಿಗೆ ಕಂಪ್ಯೂಟರ್ ವಿಭಾಗವಿತ್ತು, ಅದಕ್ಕೊಬ್ಬ ಮುಖ್ಯಸ್ಥರೂ ಇದ್ದರು. ನಾಲ್ಕೈದು ಜನ ಟೀಚರುಗಳ ಪುಟ್ಟ ಪ್ರೈಮರಿ ಶಾಲೆಯಲ್ಲಿ ಕಂಪ್ಯೂಟರ್ ವಿಭಾಗವೆಂದರೆ ಹೆಡ್‌ಮಿಸ್ಸಿನ ಲ್ಯಾಪ್‌ಟಾಪು. ಅದರ ಮುಖ್ಯಸ್ಥ ಯಾರೆಂದರೆ, ಹಿಂದೊಮ್ಮೆ ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಹೊರತೆಗೆದವರು.

ಹಾಜರಿಗೆ ಮದ್ದಿದೆ. ಮೊದಲು ಹೆಸರುಗಳನ್ನು ಸರಿಮಾಡಬೇಕು. ಮೊದಲ ದಿನ ಪರದೆಯ ಮೇಲೆ ಬರುವುದು ಮಕ್ಕಳ ಹೆಸರಲ್ಲ, ಫೋನುಗಳ ಹೆಸರು. ಮೂರು 'ಗ್ಯಾಲಕ್ಸಿ', ಎರಡು 'ಅಪ್ಪ ಆಫೀಸ್', ಒಂದು ಬರೀ ಚುಕ್ಕಿ. ಪ್ರತಿ ಮಗುವಿಗೂ ಕ್ರಮಸಂಖ್ಯೆ ಮುಂದೆ, ಹೆಸರು ಹಿಂದೆ ಬರುವಂತೆ ಹಾಕಿಕೊಡಿ. ಸಂಖ್ಯೆ ಎರಡಂಕಿಯದೇ ಇರಲಿ: 2 ಅಲ್ಲ, 02. ಯಂತ್ರ ಅಂಕಿಯನ್ನೂ ಅಕ್ಷರದ ಹಾಗೆ ಜೋಡಿಸಿದರೆ 10, 11, 12 ಎಲ್ಲ ಬಂದ ಮೇಲೆ ಪಾಪ 2 ಬರುತ್ತದೆ. ಲ್ಯಾಪ್‌ಟಾಪಿನ ಗ್ಯಾಲರಿ ನೋಟದಲ್ಲಿ ಒಂದು ಪುಟಕ್ಕೆ 25 ಮುಖ ಹಿಡಿಸುತ್ತವೆ. ಇಪ್ಪತ್ತನಾಲ್ಕು ಮಕ್ಕಳು, ಒಬ್ಬರು ಟೀಚರು, ಲೆಕ್ಕ ಚುಕ್ತಾ. ಎಲ್ಲರೂ ನಗುತ್ತಿರುವಾಗ ಒಂದು ಸ್ಕ್ರೀನ್‌ಶಾಟ್ ತೆಗೆದರೆ ಹಾಜರಿ ಮುಗಿಯಿತು. ಪಾಠವಾದ ಮೇಲೆ ನಿಧಾನವಾಗಿ ರಿಜಿಸ್ಟರಿಗೆ ಏರಿಸಬಹುದು. ಫೋನಿನಲ್ಲೇ ಪಾಠ ಮಾಡುವ ಟೀಚರಿಗೆ ಈ ಭಾಗ್ಯವಿಲ್ಲ. ಅಲ್ಲಿ ಒಂದು ಸಲಕ್ಕೆ ಕಾಣುವುದು ಬೆರಳೆಣಿಕೆಯಷ್ಟೇ ಮುಖ, ಉಳಿದವು ಪರದೆಯ ಆಚೆ ಏನು ಮಾಡುತ್ತಿವೆಯೋ ದೇವರೇ ಬಲ್ಲ.

ಹೆಸರು ಸರಿಹೋದ ಕೂಡಲೇ ಮಾಡಬೇಕಾದ ಇನ್ನೊಂದು ಕೆಲಸವೆಂದರೆ, ಹೆಸರು ಬದಲಿಸುವ ಅವಕಾಶವನ್ನೇ ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡುವುದು. ಮರೆತರೆ ಮೂರನೇ ಕ್ಲಾಸಿನ ಯಾವನೋ ಒಬ್ಬ ಕ್ಯಾಮೆರಾ ಆರಿಸಿ, ತನ್ನ ಹೆಸರನ್ನು 'ರೀಕನೆಕ್ಟಿಂಗ್' ಎಂದು ಬದಲಿಸಿ, ಪಕ್ಕದಲ್ಲಿ ಮೂರು ಚುಕ್ಕಿ ಇಟ್ಟು ಆಡಲು ಹೋಗುತ್ತಾನೆ. ಟೀಚರು ಮಾತ್ರ 'ಪಾಪ, ನೆಟ್‌ವರ್ಕ್ ಇಲ್ಲ' ಎಂದು ವಾರಗಟ್ಟಲೆ ಮರುಗುತ್ತಿರುತ್ತಾರೆ. ಕಾಗುಣಿತದಲ್ಲಿ ಎಡವುವ ಹುಡುಗ ಆ ಒಂದು ಪದವನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆದಿರುತ್ತಾನೆ. ಅದಕ್ಕೊಂದು ಅಂಕ ಕೊಡಬಹುದು.

ಇನ್ನು ಸ್ಲೇಟು. ಪ್ರೈಮರಿ ಪಾಠದ ಅರ್ಧ ಜೀವ ಸ್ಲೇಟಿನಲ್ಲಿದೆ: ಬರಿ, ಎತ್ತಿ ಹಿಡಿ, ಅಳಿಸು. ಆನ್‌ಲೈನಿನಲ್ಲೂ ಇದು ನಡೆಯುತ್ತದೆಂದು ನಂಬಿ ಟೀಚರು '7 ಬರೀರಿ' ಅನ್ನುತ್ತಾರೆ. ಮಗು ನೀಟಾಗಿ 7 ಬರೆದು ಎತ್ತಿ ಹಿಡಿಯುತ್ತದೆ. ಪರದೆಯ ಮೂಲೆಯಲ್ಲಿ ಕಾಣುವ ತನ್ನದೇ ಚಿತ್ರ ನೋಡಿದರೆ 7 ಉಲ್ಟಾ! ಅಲ್ಲಿ ತೋರುವುದು ಕನ್ನಡಿಯ ಬಿಂಬ. ನಮ್ಮ ಮುಖವನ್ನು ಕನ್ನಡಿಯಲ್ಲಿ ನೋಡಿಯೇ ಅಭ್ಯಾಸವೆಂದು ಆಪ್‌ನವರು ಮಾಡಿಟ್ಟ ಉಪಕಾರವಿದು. ಟೀಚರಿಗೆ 7 ನೆಟ್ಟಗೇ ಕಾಣುತ್ತಿದೆ. ಆದರೆ ಅವರು 'ಗುಡ್' ಅನ್ನುವ ಮೊದಲೇ ಮಗು ಸ್ಲೇಟು ಕೆಳಗಿಳಿಸಿ, ಅಂಗೈಯಲ್ಲಿ ಉಜ್ಜಿ, ನಾಲಗೆ ಹೊರಹಾಕಿಕೊಂಡು ಅಂಕಿಯನ್ನು ತಿರುಗಿಸಿ ಬರೆಯುತ್ತದೆ. ಈಗ ಮಗುವಿಗೆ ಸರಿ, ಟೀಚರಿಗೆ ಉಲ್ಟಾ. 'ತಿರುಗಿಸಿ ಬರಿ ಪುಟ್ಟಾ' ಅಂತ ಟೀಚರು. 'ತಿರುಗಿಸಿಯೇ ಬರ್ದಿದೀನಲ್ಲ ಮಿಸ್' ಅಂತ ಮಗು. ಎರಡು ಸುತ್ತು ಆಗುವಷ್ಟರಲ್ಲಿ ತುಟಿ ನಡುಗುತ್ತದೆ. 8 ಮತ್ತು 0 ಬರೆಸಿದ ದಿನ ಮಾತ್ರ ಇಡೀ ಕ್ಲಾಸು ಬುದ್ಧಿವಂತ. ವಿಡಿಯೊ ಸೆಟ್ಟಿಂಗ್ಸ್‌ಗೆ ಹೋಗಿ 'ಮಿರರ್' ಎಂಬ ಗುರುತನ್ನು ತೆಗೆದುಬಿಟ್ಟರೆ ಜಗಳವೇ ಇಲ್ಲ. ಆದರೆ ಅದನ್ನು ಪ್ರತಿ ಮನೆಯಲ್ಲೂ ಒಬ್ಬೊಬ್ಬರು ಕೂತು ತೆಗೆಯಬೇಕು, ಟೀಚರಿಗೆ ಇಲ್ಲಿಂದ ಆಗುವ ಕೆಲಸವಲ್ಲ.

ಮಗುವಿಗೆ ಟೀಚರ ಕಣ್ಣಿನ ಮೇಲೆ ಅನುಮಾನ ಶುರುವಾಯಿತೋ, ಸ್ಲೇಟು ಕ್ಯಾಮೆರಾದ ಹತ್ತಿರ ಬರುತ್ತದೆ. ಇನ್ನೂ ಹತ್ತಿರ. ಪರದೆ ಪೂರ್ತಿ ಕಪ್ಪಾಗಿ, ಆ ಕತ್ತಲೆಯೊಳಗಿಂದ ಧ್ವನಿಯೊಂದು ಕೇಳುತ್ತದೆ: 'ಈಗ ಕಾಣ್ತಿದೆಯಾ, ಮಿಸ್?' ಅನೇಕ ಫೋನುಗಳ ಮುಂದಿನ ಕ್ಯಾಮೆರಾಕ್ಕೆ ಫೋಕಸ್ ಬದಲಿಸುವ ಶಕ್ತಿಯೇ ಇಲ್ಲ. ಕೈ ಚಾಚಿ ಸೆಲ್ಫಿ ತೆಗೆಯುವಷ್ಟು ದೂರಕ್ಕೆ ಅದನ್ನು ಶಾಶ್ವತವಾಗಿ ಕೂರಿಸಿರುತ್ತಾರೆ. ಹತ್ತಿರ ತಂದಷ್ಟೂ ಮಸುಕು. ಸ್ಲೇಟು ಎದೆಯ ಹತ್ತಿರ, ಕ್ಯಾಮೆರಾದಿಂದ 40 ಸೆಂಟಿಮೀಟರ್‌ನಷ್ಟು ಆಚೆ ಇರಲಿ. ಅಕ್ಷರ ಸ್ಲೇಟಿನ ಅರ್ಧದಷ್ಟಾದರೂ ಎತ್ತರ ಇರಲಿ. ಎತ್ತಿದ ಮೇಲೆ 'ಒಂದು, ಎರಡು, ಮೂರು' ಎಣಿಸುವ ತನಕ ಅಲ್ಲಾಡಿಸಬಾರದು, ಬೆಳಕು ಹೊಂದಿಸಿಕೊಳ್ಳಲು ಕ್ಯಾಮೆರಾಕ್ಕೂ ಪುರುಸೊತ್ತು ಬೇಕು. ಹಿನ್ನೆಲೆಯಲ್ಲಿ ಸಮುದ್ರ, ಅಂತರಿಕ್ಷ ಹಾಕಿಕೊಂಡು ಬಂದ ಮಗು ಸ್ಲೇಟು ಎತ್ತಿದರೆ, ಆಪ್ ಅದನ್ನೂ ಹಿನ್ನೆಲೆಯೆಂದೇ ತಿಳಿದು ಅಳಿಸಿಹಾಕಬಹುದು. ಆಗ ಬರೀ ಗಾಳಿಯನ್ನು ಹಿಡಿದು ನಿಂತ ಎರಡು ಕೈ ಕಾಣುತ್ತವೆ. ಹೋಮ್‌ವರ್ಕ್ ಮಾಡದವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಮಗ್ಗಿಯನ್ನು ಒಕ್ಕೊರಲಿನಿಂದ ಹೇಳಿಸುವ ಆಸೆ ಪ್ರತಿ ಟೀಚರಿಗೂ ಒಂದು ಸಲ ಬರುತ್ತದೆ. ಬಂದದ್ದು ಮತ್ತೆ ಬರುವುದಿಲ್ಲ. ತರಗತಿಯಲ್ಲಿ ಕೊನೆಯ ಬೆಂಚು ಏಳು ಮೀಟರ್ ದೂರವಿದ್ದರೂ, ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಧ್ವನಿ ಅಲ್ಲಿಗೆ ಮುಟ್ಟಲು 20 ಮಿಲಿಸೆಕೆಂಡು ಸಾಕು. ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಮನೆಗೆ 150 ಮಿಲಿಸೆಕೆಂಡು, ಇನ್ನೊಂದಕ್ಕೆ 400, ಮತ್ತೊಂದು ಮನೆಯಲ್ಲಿ ಅಣ್ಣ ಗೇಮ್ ಆಡುತ್ತಿದ್ದರೆ ಒಂದೂವರೆ ಸೆಕೆಂಡು. ಹಾಗಾಗಿ 'ಎರಡೊಂದ್ಲಿ ಎರಡು' ಟೀಚರಿಂದ ಹೊರಟು ವಾಪಸು ಬರುವಾಗ ಒಬ್ಬಳು ಎರಡೆರಡ್ಲಿ ನಾಲ್ಕರಲ್ಲಿರುತ್ತಾಳೆ, ಇನ್ನೊಬ್ಬ ಇನ್ನೂ ಉಸಿರು ತೆಗೆದುಕೊಳ್ಳುತ್ತಿರುತ್ತಾನೆ. ಜೊತೆಗೆ, ಒಂದೇ ಸಲ ಹತ್ತು ಜನ ಕೂಗಿದರೆ ಆಪ್ ಕೆಲವರ ಧ್ವನಿಯನ್ನು ಮುಂದೆ ಮಾಡಿ ಉಳಿದವರದನ್ನು ಅದುಮಿಬಿಡುತ್ತದೆ. ಇದಕ್ಕೆ ಉಪಾಯ ಒಂದೇ: ಎಲ್ಲರನ್ನೂ ಮ್ಯೂಟ್ ಮಾಡಿ, ಒಬ್ಬ ಮಗುವಿನ ಮೈಕು ಮಾತ್ರ ತೆರೆದು, ಉಳಿದವರು ಅವರವರ ಮನೆಯಲ್ಲೇ ಅವಳ ಜೊತೆ ಕೂಗಲಿ. ಟೀಚರಿಗೆ ಕೇಳುವುದು ಒಂದೇ ಧ್ವನಿ, ಕಾಣುವುದು ಇಪ್ಪತ್ತನಾಲ್ಕು ಬಾಯಿ. ಯಾರು ಮಗ್ಗಿ ಹೇಳುತ್ತಿದ್ದಾರೆ, ಯಾರು ಏನೋ ಮೆಲ್ಲುತ್ತಿದ್ದಾರೆ ಎಂದು ತುಟಿ ನೋಡಿಯೇ ತಿಳಿಯಬೇಕು. ಒಂದು ತಿಂಗಳಲ್ಲಿ ಈ ವಿದ್ಯೆ ಒಲಿಯುತ್ತದೆ.

ಚಪ್ಪಾಳೆಯದು ಇನ್ನೂ ದೊಡ್ಡ ದುಃಖ. ಗಲಾಟೆ ನಿಲ್ಲಿಸಲು ಟೀಚರುಗಳ ಬಳಿಯಿದ್ದ ಬ್ರಹ್ಮಾಸ್ತ್ರ ಅದು: ಮೂರು ಚಪ್ಪಾಳೆ, ಎಲ್ಲರೂ ಗಪ್‌ಚುಪ್. ಆಪ್‌ನ ಒಳಗೆ ಗದ್ದಲ ತಗ್ಗಿಸುವ ಒಂದು ವ್ಯವಸ್ಥೆ ಕೂತಿದೆ. ಮನುಷ್ಯರ ಮಾತನ್ನು ಬಿಟ್ಟು ಉಳಿದದ್ದೆಲ್ಲ ಕಸವೆಂದು ಅದರ ನಂಬಿಕೆ. ಫ್ಯಾನಿನ ಸದ್ದನ್ನು ಗುಡಿಸುವ ಹಾಗೆ ಚಪ್ಪಾಳೆಯನ್ನೂ, ಗಂಟೆಯನ್ನೂ, ತಾಳವನ್ನೂ ಗುಡಿಸಿಹಾಕುತ್ತದೆ. ಮಕ್ಕಳಿಗೆ ಕಾಣುವುದೇನು? ಟೀಚರು ಸೊಳ್ಳೆ ಹೊಡೆಯುತ್ತಿದ್ದಾರೆ. ಅವರೂ ಖುಷಿಯಿಂದ ಹೊಡೆಯಲು ಶುರುಮಾಡುತ್ತಾರೆ. ಹಾಡು, ತಾಳ ಇರುವ ದಿನ ಜೂಮ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿಕೊಳ್ಳಿ. ಪಾಠಕ್ಕೆ ಮರಳುವಾಗ ಅದನ್ನು ಆಫ್ ಮಾಡಲು ಮರೆತರೆ ಬೀದಿನಾಯಿಯೂ ಹಾಜರಿ ಹೇಳುತ್ತದೆ.

ಒಂದೇ ಕೋಣೆಯಲ್ಲಿ ಎರಡು ಫೋನು ಒಂದೇ ಕ್ಲಾಸಿಗೆ ಸೇರಿದರೆ ಕಿವಿ ಸೀಳುವ ಕೂಗು ಏಳುತ್ತದೆ. ಅವಳಿ ಮಕ್ಕಳ ಮನೆಯಲ್ಲಿ ಇದು ಖಂಡಿತ. ಒಂದರ ಸ್ಪೀಕರಿನ ಧ್ವನಿ ಇನ್ನೊಂದರ ಮೈಕಿಗೆ ಹೊಕ್ಕು, ಸುತ್ತಿ ಬಂದು ಮತ್ತೆ ಸ್ಪೀಕರ್ ಸೇರಿ ಬೆಳೆಯುತ್ತ ಹೋಗುತ್ತದೆ. ಒಂದು ಫೋನಿನ ಮೈಕು ಮಾತ್ರ ಮುಚ್ಚಿದರೆ ಸಾಲದು, ಅದರ ಸ್ಪೀಕರಿನ ಸದ್ದನ್ನೂ ಸೊನ್ನೆಗೆ ಇಳಿಸಬೇಕು, ಇಲ್ಲವೇ ಇಯರ್‌ಫೋನ್ ಸಿಕ್ಕಿಸಬೇಕು.

ಮೈಕಿನ ಇನ್ನೊಂದು ಗುಣ ಉಕ್ತಲೇಖನದ ದಿನ ಗೊತ್ತಾಗುತ್ತದೆ. ಕೋಣೆ ನಿಶ್ಶಬ್ದವಾಗಿದ್ದರೆ ಆಪ್ ತಾನಾಗಿಯೇ ಮೈಕಿನ ಬಲ ಹೆಚ್ಚಿಸುತ್ತದೆ, ಸಣ್ಣ ಧ್ವನಿಯೂ ಕೇಳಲಿ ಎಂದು. ಹಾಗಾಗಿ ಕ್ಯಾಮೆರಾದ ಆಚೆ ಕೂತ ಅಮ್ಮನ ಪಿಸುಮಾತು ಮಗುವಿನ ಮಾತಿಗಿಂತ ಸ್ಪಷ್ಟವಾಗಿ ಬರುತ್ತದೆ: 'ಒತ್ತಕ್ಷರ ಹಾಕೋ, ಒತ್ತು!' ಅದನ್ನು ಕೇಳಿಸಿಕೊಂಡು ಉಳಿದ ಇಪ್ಪತ್ಮೂರು ಮಕ್ಕಳೂ ಒತ್ತು ಹಾಕುತ್ತಾರೆ. ಇಡೀ ಕ್ಲಾಸಿಗೆ ಹತ್ತಕ್ಕೆ ಹತ್ತು.

ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಲು ದುಡ್ಡು ಕೊಟ್ಟು ಏನನ್ನೂ ತರಬೇಕಿಲ್ಲ. 25ರಿಂದ 30 ಸೆಂಟಿಮೀಟರ್ ಎತ್ತರದ ಎರಡು ಪುಸ್ತಕದ ರಾಶಿ, ಅವುಗಳ ಮೇಲೆ ಅಡ್ಡಲಾಗಿ ಒಂದು ಮರದ ಪಟ್ಟಿ, ಅದರ ಮೇಲೆ ಹಿಂದಿನ ಕ್ಯಾಮೆರಾ ಅಂಚಿನಿಂದ ಹೊರಗೆ ಚಾಚುವಂತೆ ಫೋನು. ಜಾರದಂತೆ ಒಂದು ರಬ್ಬರ್ ಬ್ಯಾಂಡು. ಇಷ್ಟೆಲ್ಲ ಮಾಡಿದ ಮೇಲೆ ಚಿತ್ರ ಅಡ್ಡ ತಿರುಗುತ್ತದೆ. ಫೋನು ತನ್ನ ತಲೆ ಯಾವುದು, ಕಾಲು ಯಾವುದು ಎಂದು ತಿಳಿಯುವುದು ಭೂಮಿಯ ಸೆಳೆತದಿಂದ. ಅಂಗಾತ ಮಲಗಿಸಿದರೆ ಸೆಳೆತ ನೇರ ಬೆನ್ನಿಗೆ, ಆಗ ಅದಕ್ಕೆ ಬಲ ಎಡ ಒಂದೂ ತಿಳಿಯದು. ಹಾಗಾಗಿ ಆಂಡ್ರಾಯ್ಡ್ ಫೋನಾದರೆ ಮೊದಲು ಅದನ್ನು ಅಡ್ಡ ಹಿಡಿದು, ಚಿತ್ರ ತಿರುಗಿದ ಮೇಲೆ ರೊಟೇಶನ್ ಲಾಕ್ ಹಾಕಿ, ಆಮೇಲೆ ಮಲಗಿಸಬೇಕು. ಮೇಜಿನ ದೀಪ ತಲೆಯ ಮೇಲಲ್ಲ, ಪಕ್ಕದಲ್ಲಿ, ಬರೆಯದ ಕೈಯ ಕಡೆ ಇರಲಿ. ಇಲ್ಲದಿದ್ದರೆ ಕೈಯ ನೆರಳೇ ಲೆಕ್ಕ ಬಿಡಿಸುತ್ತದೆ. ರಾಶಿಯ ಕೆಳಗಿನ ಪುಸ್ತಕ ಅವತ್ತಿನ ಪಾಠಪುಸ್ತಕವಲ್ಲ ತಾನೇ ಎಂದು ನೋಡಿಕೊಳ್ಳುವುದೂ ಒಳ್ಳೆಯದು.

ಹೋಮ್‌ವರ್ಕ್ ಫೋಟೊಗಳು ಅಡ್ಡಾದಿಡ್ಡಿ ಬರುವುದಕ್ಕೂ ಇದೇ ಕಾರಣ: ನೋಟ್‌ಬುಕ್ಕನ್ನು ನೆಲದಲ್ಲಿಟ್ಟು ಮೇಲಿನಿಂದ ತೆಗೆಯುತ್ತಾರೆ. ಟೀಚರು ಫೋನನ್ನು ತಿರುಗಿಸಿದರೆ ಫೋಟೊನೂ ಜೊತೆಗೇ ತಿರುಗುತ್ತದೆ, ಕೊನೆಗೆ ಕತ್ತನ್ನೇ ತಿರುಗಿಸಬೇಕು. ಮಗುವಿಗೆ ಎರಡು ಪುಟ, ಪುಟಕ್ಕೆ 3 ಎಂಬಿ ಅಂದರೆ ದಿನಕ್ಕೆ 144 ಎಂಬಿ, ವಾರದ ಐದು ದಿನಕ್ಕೆ 720. ವಾಟ್ಸಾಪ್ ಫೋಟೊವನ್ನು ಹಿಂಡಿ ಸಣ್ಣದು ಮಾಡುತ್ತದೆ ನಿಜ, ಆದರೆ 'ಸ್ಪಷ್ಟವಾಗಿ ಬರಲಿ' ಎಂದು ಡಾಕ್ಯುಮೆಂಟ್ ಮಾಡಿ ಕಳಿಸುವ ತಂದೆಯೊಬ್ಬರು ಪ್ರತಿ ಕ್ಲಾಸಿಗೂ ಇದ್ದೇ ಇರುತ್ತಾರೆ. ಆಟೊ ಡೌನ್‌ಲೋಡ್ ಮೊದಲ ದಿನವೇ ಬಂದ್ ಮಾಡಿ. ಪಾಠದ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿ. ಇಲ್ಲದಿದ್ದರೆ 'ಪುಟ 14, ಲೆಕ್ಕ 3' ಎಂಬ ಒಂದು ಸಾಲು, ಇಪ್ಪತ್ತನಾಲ್ಕು ಹೆಬ್ಬೆರಳು ಮತ್ತು ಹನ್ನೆರಡು ಕೈಮುಗಿದ ಚಿತ್ರಗಳ ಕೆಳಗೆ ಹೂತುಹೋಗಿ, ರಾತ್ರಿ ಹತ್ತಕ್ಕೆ 'ಮಿಸ್, ಇವತ್ತು ಹೋಮ್‌ವರ್ಕ್ ಏನು?' ಎಂಬ ಪ್ರಶ್ನೆಯಾಗಿ ಎದ್ದುಬರುತ್ತದೆ.

ಕೊನೆಗೆ ಕ್ಲಾಸು ಮುಗಿಸುವುದು. ಕೆಂಪು ಗುಂಡಿ ಒತ್ತಿದರೆ ಎರಡು ಸಾಲು ಬರುತ್ತವೆ: ಒಂದು ಎಲ್ಲರಿಗೂ ಮೀಟಿಂಗ್ ಮುಗಿಸುವುದು, ಇನ್ನೊಂದು ತಾವು ಮಾತ್ರ ಹೊರಡುವುದು. ಇಪ್ಪತ್ತನಾಲ್ಕು 'ಬಾಯ್ ಮಿಸ್'ಗಳಿಗೆ ಕೈ ಬೀಸುತ್ತ ಎರಡನೆಯದನ್ನು ಒತ್ತಿದಿರೋ, 'ಹಾಗಾದರೆ ಹೋಸ್ಟ್ ಯಾರು?' ಎಂದು ಆಪ್ ಒಂದು ಪಟ್ಟಿ ಮುಂದಿಡುತ್ತದೆ. ಅವಸರದಲ್ಲಿ ಬೆರಳು ಮೇಲಿನ ಹೆಸರಿನ ಮೇಲೆ ಬೀಳುತ್ತದೆ. ಕ್ರಮಸಂಖ್ಯೆ 01, ವಯಸ್ಸು ಆರು. ಈಗ ಯಾರನ್ನು ಬೇಕಾದರೂ ಮ್ಯೂಟ್ ಮಾಡುವ, ಹೊರಗೆ ಹಾಕುವ ಅಧಿಕಾರ ಅವಳದು. ನಾಳೆಯ ಪುಟ ಹೇಳುವುದು ಮರೆತೆನೆಂದು ಟೀಚರು ಫೋನಿನ ಲಿಂಕಿನಿಂದ, ಲಾಗಿನ್ ಆಗದೆ ಓಡೋಡಿ ಬಂದರೆ, ವೇಟಿಂಗ್ ರೂಮಿನಲ್ಲಿ ಕೂರಬೇಕು. ಹೋಸ್ಟ್ ಇನ್ನೇನು ನಿಮ್ಮನ್ನು ಒಳಗೆ ಬಿಡುತ್ತಾರೆ ಎಂದು ಪರದೆ ಸಮಾಧಾನ ಹೇಳುತ್ತಿರುತ್ತದೆ. ಒಳಗೆ ಹೋಸ್ಟ್ ಮೇಡಂ ಹಾಜರಿ ಕರೆಯುತ್ತಿದ್ದಾರೆ.